ನಾಯಕರಾದವರು ಕೆಲಸದಲ್ಲಿ ತಾವು ತಾವಾಗಿಯೇ ಇರಬೇಕೆ?

ಕೆಲಸದ ಜಾಗಕ್ಕೆ ಮನುಷ್ಯ ತನ್ನ ಸ್ವಭಾವ, ಭಾಷೆ, ನಂಬಿಕೆ, ಭಾವನೆಗಳನ್ನೆಲ್ಲ ಹೊತ್ತುಕೊಂಡೇ ಬರಬೇಕೆ ಅಥವಾ ಕೆಲಸಕ್ಕೆಂದೇ ಬೇರೊಂದು ಮುಖವನ್ನು ರೂಢಿಸಿಕೊಳ್ಳಬೇಕೆ ಎಂಬ ಪ್ರಶ್ನೆ ಹಳೆಯದು. ಈಚಿನ ವರ್ಷಗಳಲ್ಲಿ ಕಂಪನಿಗಳ ಎಚ್‌ಆರ್ ವಿಭಾಗಗಳೂ ನಾಯಕತ್ವದ ತರಬೇತಿ ಶಿಬಿರಗಳೂ ‘ನೀವು ನೀವಾಗಿಯೇ ಇರಿ’ ಎಂದು ಒಂದೇ ದನಿಯಲ್ಲಿ ಹೇಳತೊಡಗಿವೆ. ಕೆಳಗಿನ ಎರಡು ಬರಹಗಳಲ್ಲಿ ಒಂದು ಆ ಮಾತಿನ ಪರವಾಗಿದೆ, ಇನ್ನೊಂದು ವಿರುದ್ಧವಾಗಿದೆ. ಎರಡೂ ಉತ್ತರಿಸಬೇಕಾದ ಪ್ರಶ್ನೆ ಒಂದೇ: ನಾಲ್ಕು ಜನರ ಮೇಲೆ ಅಧಿಕಾರ ಇರುವವರು ತಾವು ಇರುವಂತೆಯೇ ಇದ್ದುಬಿಟ್ಟರೆ ಆ ನಾಲ್ಕು ಜನರಿಗೆ ಒಳ್ಳೆಯದಾಗುತ್ತದೆಯೆ?

ಪರ: ಮೇಲಿನವರ ಮುಖವಾಡಕ್ಕೆ ಕೆಳಗಿನವರು ಬೆಲೆ ತೆರುತ್ತಾರೆ

2000ರ ದಶಕದ ಆರಂಭದಲ್ಲಿ ಬೆಂಗಳೂರಿನ ಕಾಲ್ ಸೆಂಟರ್‌ಗಳಿಗೆ ಸೇರಿದ ಅನೇಕರಿಗೆ ತರಬೇತಿಯ ದಿನಗಳಲ್ಲೇ ಒಂದು ಹೊಸ ಹೆಸರು ಅಂಟಿಕೊಳ್ಳುತ್ತಿತ್ತು. ಮಂಜುನಾಥರು ಮೈಕ್‌ಗಳಾದರು, ಶಿಲ್ಪಾಗಳು ಶೆರ್ಲಿಗಳಾದರು. ಅಮೆರಿಕದ ಗಿರಾಕಿಗೆ ಉಚ್ಚರಿಸಲು ಸುಲಭವಾಗಲಿ ಎಂಬುದು ಬಾಯಿಬಿಟ್ಟು ಹೇಳುತ್ತಿದ್ದ ಕಾರಣ. ಕರೆಯನ್ನು ಯಾವ ದೇಶದಲ್ಲಿ ಕೂತು ಸ್ವೀಕರಿಸುತ್ತಿದ್ದಾರೆ ಎಂಬುದು ಅವನಿಗೆ ತಿಳಿಯದಿರಲಿ ಎಂಬುದು ಹೇಳದೆ ಬಿಟ್ಟ ಕಾರಣ. ಹೆಸರಿನ ಜೊತೆಗೆ ನಾಲಿಗೆಯನ್ನೂ ತಿದ್ದಿಕೊಳ್ಳಬೇಕಿತ್ತು. ಪ್ರತಿಯೊಬ್ಬರ ಮಾತನ್ನು ರೆಕಾರ್ಡ್ ಮಾಡಿ, ಅದರಲ್ಲಿ ತಾಯ್ನುಡಿಯ ಛಾಯೆ ಎಷ್ಟಿದೆ ಎಂದು ಅಳೆದು, ‘ನಿಮ್ಮ ಎಂಟಿಐ (ಮದರ್ ಟಂಗ್ ಇನ್‌ಫ್ಲುಯೆನ್ಸ್, ಅಂದರೆ ತಾಯ್ನುಡಿಯ ಪ್ರಭಾವ) ಇನ್ನೂ ಹೋಗಿಲ್ಲ’ ಎಂದು ತರಬೇತುದಾರರು ಷರಾ ಬರೆಯುತ್ತಿದ್ದರು. ಹಾಸನದಿಂದಲೋ ಹಾವೇರಿಯಿಂದಲೋ ಬಂದ, ಆಗಷ್ಟೇ ಪದವಿ ಮುಗಿಸಿದ ಹುಡುಗ ಹುಡುಗಿಯರು ಸಂಬಳದ ಬದುಕಿನಲ್ಲಿ ಕಲಿತ ಮೊದಲ ಪಾಠ, ತಾವು ಬೆಳೆದ ಮನೆಯ ಮಾತೇ ಒಂದು ದೋಷ ಎಂಬುದಾಗಿತ್ತು.

ಇಲ್ಲದ್ದನ್ನು ಇದೆಯೆಂದು, ಇರುವುದನ್ನು ಇಲ್ಲವೆಂದು ತೋರಿಸುವುದು ಕೂಡ ಮೈಮುರಿಯುವ ದುಡಿಮೆಯೇ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಡೆಲ್ಟಾ ಏರ್‌ಲೈನ್ಸ್‌ನ ಗಗನಸಖಿಯರ ಕೆಲಸವನ್ನು ಹತ್ತಿರದಿಂದ ಅಧ್ಯಯನ ಮಾಡಿ 1983ರಲ್ಲಿ ಇದನ್ನು ಭಾವನಾತ್ಮಕ ದುಡಿಮೆ ಎಂದು ಗುರುತಿಸಿದರು. ವಿಮಾನದ ಒಳಭಾಗವನ್ನು ನಿಮ್ಮ ಮನೆಯ ಪಡಸಾಲೆ ಎಂದೂ ಪ್ರಯಾಣಿಕರನ್ನು ಮನೆಗೆ ಬಂದ ನೆಂಟರೆಂದೂ ಭಾವಿಸಿಕೊಳ್ಳಿ ಎಂದು ಆ ಯುವತಿಯರಿಗೆ ಕಲಿಸಲಾಗುತ್ತಿತ್ತು. ತಟ್ಟೆ ಹಂಚುವುದು, ಸಾಮಾನು ಎತ್ತಿಡುವುದು, ಬೆಲ್ಟ್ ನೋಡುವುದು ಸಂಬಳದ ಲೆಕ್ಕಕ್ಕೆ ಬರುವ ಕೆಲಸಗಳು. ಒಳಗೆ ಏನೇ ಕುದಿಯುತ್ತಿದ್ದರೂ ಮುಖದ ಮೇಲೆ ನಗುವನ್ನು ಹಿಡಿದು ನಿಲ್ಲಿಸುವುದು ಯಾರ ಲೆಕ್ಕಕ್ಕೂ ಬಾರದ ಕೆಲಸ. ದೀರ್ಘ ಪ್ರಯಾಣ ಮುಗಿಸಿ ಮನೆಗೆ ಬಂದ ಮೇಲೂ ಆ ಹುಸಿ ಉತ್ಸಾಹದಿಂದ ಹೊರಬರಲು ಆಗುತ್ತಿಲ್ಲ ಎಂದು ಅವರಲ್ಲಿ ಕೆಲವರು ಹೇಳಿಕೊಂಡಿದ್ದರು.

ನಮ್ಮ ಕಚೇರಿಗಳಲ್ಲಿ ಈ ಹೊರೆ ಎಲ್ಲರ ಹೆಗಲಿಗೂ ಸಮನಾಗಿ ಬೀಳುವುದಿಲ್ಲ ಎಂಬುದೇ ನನ್ನ ವಾದದ ತಿರುಳು. ಯಾರ ಮನೆಮಾತು, ಊಟ, ಅಡ್ಡಹೆಸರು, ಹಬ್ಬ ಹರಿದಿನಗಳು ಮ್ಯಾನೇಜರರದಕ್ಕೆ ಹೊಂದುತ್ತವೆಯೋ ಅವರು ಏನನ್ನೂ ಬಚ್ಚಿಡಬೇಕಾಗಿಲ್ಲ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಕರಾವಳಿ ಕಡೆಯ ಹೆಣ್ಣುಮಗಳೊಬ್ಬರು ಊಟದ ಕೋಣೆ ಖಾಲಿಯಾಗುವುದನ್ನೇ ಕಾದು, ಎರಡೂವರೆಯ ಹೊತ್ತಿಗೆ ಮೂಲೆಯ ಮೇಜಿನಲ್ಲಿ ಗೋಡೆಗೆ ಮುಖ ಮಾಡಿ ಕೂತು ಡಬ್ಬಿ ತೆರೆಯುತ್ತಿದ್ದುದನ್ನು ನಾನು ನೋಡುತ್ತಿದ್ದೆ. ಡಬ್ಬಿಯಲ್ಲಿ ಇರುತ್ತಿದ್ದುದು ಕುಚ್ಚಲಕ್ಕಿ ಅನ್ನ ಮತ್ತು ಒಣಸಿಗಡಿ ಚಟ್ನಿ. ವಾಸನೆ ಹರಡೀತು ಎಂದು ಮೈಕ್ರೋವೇವ್‌ನಲ್ಲಿ ಬಿಸಿ ಮಾಡುತ್ತಿರಲಿಲ್ಲ. ತಣ್ಣಗಿನ ಅನ್ನವನ್ನು ಬೇಗಬೇಗ ತಿಂದು, ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿ ಇಟ್ಟುಬಿಡುತ್ತಿದ್ದರು. ಅವರಿಗೆ ಯಾರೂ ಬೇಡ ಎಂದಿರಲಿಲ್ಲ. ‘ಘಾಟು ವಾಸನೆಯ ಆಹಾರ ತರಬೇಡಿ’ ಎಂಬ ಒಂದು ವಿನಂತಿಯ ಚೀಟಿ ಗೋಡೆಯ ಮೇಲಿತ್ತು, ಅಷ್ಟೆ. ಅದು ಯಾರನ್ನು ಕುರಿತದ್ದು ಎಂಬುದು ಓದಿದವರಿಗೆಲ್ಲ ಗೊತ್ತಿತ್ತು.

ಕಲಬುರಗಿಯಿಂದಲೋ ವಿಜಯಪುರದಿಂದಲೋ ಬಂದವರು ಮೀಟಿಂಗಿನಲ್ಲಿ ‘ಹೌದ್ರಿ’ ಎಂದ ಕೂಡಲೇ ತುಟಿಯಂಚಿನಲ್ಲಿ ನಗು ಹರಿದಾಡುತ್ತದೆ; ಆರು ತಿಂಗಳಲ್ಲಿ ಅವರ ಮಾತಿನಿಂದ ಆ ‘ರಿ’ ಕಾಣೆಯಾಗುತ್ತದೆ, ಅದರೊಡನೆ ಅವರ ಮಾತೂ ಕಡಿಮೆಯಾಗುತ್ತದೆ. ಪೂರ್ತಿ ಹೆಸರು ಕೇಳಿ, ಊರು ಕೇಳಿ, ಅದಕ್ಕೂ ತೃಪ್ತಿಯಾಗದೆ ಊರಿನಲ್ಲಿ ಮನೆ ಯಾವ ಕಡೆ ಎಂದು ಕೇಳುವ ಸಹೋದ್ಯೋಗಿಗೆ ಉತ್ತರ ಹೇಳುವ ಮುನ್ನ ದಲಿತ ಯುವಕನೊಬ್ಬ ಎಷ್ಟು ಲೆಕ್ಕ ಹಾಕುತ್ತಾನೆ ಎಂಬುದು ಕೇಳಿದವರ ಊಹೆಗೂ ನಿಲುಕುವುದಿಲ್ಲ. ಇಂಥ ಲೆಕ್ಕಾಚಾರಕ್ಕೆ ವ್ಯಯವಾಗುವ ಬುದ್ಧಿಶಕ್ತಿ ಅಷ್ಟೂ ಕೆಲಸಕ್ಕೆ ದಕ್ಕದೆ ಹೋದದ್ದು ಎಂಬುದನ್ನು ಸಂಸ್ಥೆಗಳಾದರೂ ಯೋಚಿಸಬೇಡವೆ?

ಹೀಗೆ ಬಚ್ಚಿಟ್ಟುಕೊಂಡು ಬದುಕುವವರ ಮುಂದೆ ‘ಧೈರ್ಯವಾಗಿ ನೀವು ನೀವಾಗಿರಿ’ ಎಂದು ಭಿತ್ತಿಪತ್ರ ಅಂಟಿಸಿದರೆ ಪ್ರಯೋಜನವಿಲ್ಲ. ಅಪಾಯವಿಲ್ಲ ಎಂಬುದನ್ನು ಮೇಲಿನವರು ಮೊದಲು ಸ್ವತಃ ತೋರಿಸಿಕೊಡಬೇಕು. 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾಗಿ ಹೋದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ವಕೀಲರಾಗಿದ್ದ ಅವರಿಗೆ ಇಂಗ್ಲಿಷ್ ಬಾರದೆ ಇರಲಿಲ್ಲ. ತನ್ನ ಮಾತಿನಲ್ಲೇ ದೇಶದ ವಿಚಾರ ಆಡಬಹುದು ಎಂಬುದನ್ನು ಅವರು ಮಾಡಿ ತೋರಿಸಿದರು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಅವರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದಾಗ, ಹೆಜ್ಜೆ ಹೆಜ್ಜೆಗೂ ಶಿಷ್ಟಾಚಾರದ ಗೆರೆ ಎಳೆದಿರುವ ಆ ಸಭಾಂಗಣದಲ್ಲಿ, ರಾಷ್ಟ್ರಪತಿ ರಾಮನಾಥ ಕೋವಿಂದರ ಮುಂದೆ ನಿಂತು ಸೀರೆಯ ಸೆರಗಿನಿಂದ ನಿವಾಳಿಸಿ ದೃಷ್ಟಿ ತೆಗೆದರು. ಜೋಗತಿಯರು ಮನೆ ಮನೆಯ ಮುಂದೆ ಹರಸುವ ರೀತಿ ಅದು. ರಾಷ್ಟ್ರಪತಿಗಳು ಕೈಜೋಡಿಸಿದರು, ಸಭೆ ಚಪ್ಪಾಳೆ ತಟ್ಟಿತು. ಊರ ಬಸ್ ಸ್ಟ್ಯಾಂಡಿನಲ್ಲಿ ಕಂಡರೆ ಜನ ಮುಖ ತಿರುಗಿಸುತ್ತಿದ್ದ ಒಂದು ಸಂಜ್ಞೆ ಅಂದು ದೇಶದ ಅತಿ ಎತ್ತರದ ಜಾಗದಲ್ಲಿ ಸಲ್ಲಬಹುದಾದರೆ, ಅದನ್ನು ಟಿ.ವಿ.ಯಲ್ಲಿ ಕಂಡ ಅದೆಷ್ಟೋ ಜನ ತಮ್ಮ ಬದುಕಿನ ಬಗ್ಗೆ ಬೇರೆ ರೀತಿ ಯೋಚಿಸಿರಬೇಕು. ಅದೇ ವರ್ಷ ಕರ್ನಾಟಕ ಸರ್ಕಾರ ತನ್ನ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿತು. ಕಚೇರಿಯ ಬಾಗಿಲು ತೆರೆಯುವುದು ನಿಯಮ. ಒಳಗೆ ತಲೆಯೆತ್ತಿ ಕೂರಬಹುದು ಎಂಬ ನಂಬಿಕೆ ಬರುವುದು ಮಂಜಮ್ಮನಂಥವರಿಂದ.

ನಾಯಕರ ಮುಖವಾಡ ಇನ್ನೊಂದು ರೀತಿಯಲ್ಲೂ ಅಪಾಯಕಾರಿ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ಆಡಳಿತ ಮಂಡಳಿಗೆ ಬರೆದ ಪತ್ರದಲ್ಲಿ, ಲೆಕ್ಕದ ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಹುಲಿಯ ಮೇಲೆ ಸವಾರಿ ಹೊರಟವನಿಗೆ ಅದರ ಬಾಯಿಗೆ ಬೀಳದೆ ಇಳಿಯುವುದು ಹೇಗೆಂದು ತಿಳಿಯದಂತಾಯಿತು ಎಂಬುದು ಅವರದೇ ಮಾತು. ಎಲ್ಲವೂ ಸರಿಯಿದೆ ಎಂಬ ಮುಖವನ್ನು ವರ್ಷಗಟ್ಟಲೆ ಹೊತ್ತು ತಿರುಗಿದ ಆ ಮನುಷ್ಯನ ಹಿಂದೆ ಸುಮಾರು 50 ಸಾವಿರ ನೌಕರರ ಮನೆಗಳಿದ್ದವು. ಅಮೆರಿಕದಲ್ಲೂ 2001ರಲ್ಲಿ ಸುಳ್ಳು ಲೆಕ್ಕ ತೋರಿಸಿದ್ದ ಎನ್ರಾನ್ ಎಂಬ ಇಂಧನ ಕಂಪನಿ ಕುಸಿದ ನಂತರವೇ, ವೈದ್ಯಕೀಯ ಉಪಕರಣಗಳ ಮೆಡ್‌ಟ್ರಾನಿಕ್ ಕಂಪನಿಯನ್ನು ಹತ್ತು ವರ್ಷ ಮುನ್ನಡೆಸಿ ಹೊರಬಂದಿದ್ದ ಬಿಲ್ ಜಾರ್ಜ್ ಅವರಂಥವರು, ನಾಯಕನ ಒಳಗೂ ಹೊರಗೂ ಒಂದೇ ಆಗಿರಬೇಕು ಎಂಬ ಮಾತನ್ನು ಜೋರಾಗಿ ಆಡತೊಡಗಿದ್ದು. ತನ್ನ ಭಯ, ಸೋಲು, ಅನುಮಾನಗಳನ್ನು ನಾಲ್ವರ ಮುಂದೆ ಒಪ್ಪಿಕೊಳ್ಳಬಲ್ಲ ಮುಖ್ಯಸ್ಥನ ಕೈಕೆಳಗೆ ಕೆಟ್ಟ ಸುದ್ದಿ ಬೇಗ ಮೇಲೆ ತಲುಪುತ್ತದೆ. ಸದಾ ಗೆಲ್ಲುವವನ ವೇಷ ತೊಟ್ಟವನ ಬಳಿಗೆ ಕೆಟ್ಟ ಸುದ್ದಿಯನ್ನು ಒಯ್ಯುವ ಧೈರ್ಯ ಯಾರಿಗಿರುತ್ತದೆ?

ಇದ್ದಂತೆಯೇ ಇರುವುದಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅನಿಲ್ ಕುಂಬ್ಳೆ 2016ರಲ್ಲಿ ಭಾರತ ಕ್ರಿಕೆಟ್ ತಂಡದ ಮುಖ್ಯ ಕೋಚ್ ಆದರು. ಮುಂದಿನ ಒಂದು ವರ್ಷದಲ್ಲಿ ತಂಡ ಆಡಿದ 17 ಟೆಸ್ಟ್‌ಗಳಲ್ಲಿ 12 ಗೆದ್ದಿತು, ಸೋತದ್ದು ಒಂದೇ. ಆದರೂ 2017ರ ಜೂನ್ 20ರಂದು ಅವರು ರಾಜೀನಾಮೆ ಕೊಟ್ಟರು. ತಮ್ಮ ಕಾರ್ಯಶೈಲಿಯ ಬಗ್ಗೆ ತಂಡದ ನಾಯಕನಿಗೆ ಆಕ್ಷೇಪ ಇರುವುದನ್ನು ಕ್ರಿಕೆಟ್ ಮಂಡಳಿ ತಿಳಿಸಿತೆಂದೂ, ತಂಡದ ಹಿತಕ್ಕಾಗಿ ಕನ್ನಡಿ ಹಿಡಿಯುವುದೇ ಕೋಚ್‌ನ ಕೆಲಸ ಎಂದು ತಾವು ನಂಬಿರುವುದಾಗಿಯೂ ಅವರು ಬಹಿರಂಗವಾಗಿ ಬರೆದರು. ಶಿಸ್ತು, ಬದ್ಧತೆ, ಪ್ರಾಮಾಣಿಕತೆಗಳನ್ನು ಅವರು ಆ ಹುದ್ದೆಗೆಂದು ಹೊಸದಾಗಿ ತೊಟ್ಟುಕೊಂಡಿರಲಿಲ್ಲ. ದವಡೆ ಮುರಿದಿದ್ದರೂ ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು 2002ರಲ್ಲಿ ಆಂಟಿಗಾದಲ್ಲಿ ಬೌಲಿಂಗ್‌ಗೆ ಇಳಿದು ವೆಸ್ಟ್ ಇಂಡೀಸ್‌ನ ಬ್ರಯಾನ್ ಲಾರಾ ವಿಕೆಟ್ ಪಡೆದ ಮನುಷ್ಯನಿಂದ ಬೇರೆ ಏನನ್ನು ನಿರೀಕ್ಷಿಸಬಹುದಿತ್ತು? ಸ್ವಲ್ಪ ನಯವಾಗಿದ್ದು, ಕಂಡದ್ದನ್ನು ಕಾಣದಂತಿದ್ದು ಅವರು ಹುದ್ದೆಯಲ್ಲಿ ಮುಂದುವರಿಯಬಹುದಿತ್ತು. ಹಾಗೆ ಮುಂದುವರಿದಿದ್ದರೆ ತಂಡಕ್ಕೆ ಸಿಗುತ್ತಿದ್ದುದು ಕುಂಬ್ಳೆಯ ಹೆಸರು ಹೊತ್ತ ಬೇರೆ ಯಾರೋ ಒಬ್ಬರು.

ಇರುವಂತೆ ಇರುವುದೆಂದರೆ ಬಾಯಿಗೆ ಬಂದದ್ದನ್ನು ಆಡುವುದು ಎಂದು ಅನೇಕರು ಭಾವಿಸುತ್ತಾರೆ. ಕೆಳಗಿನವರ ಮೇಲೆ ಕೂಗಾಡಿ, ಮೇಲಿನವರ ಮುಂದೆ ಕೈಕಟ್ಟಿ ನಿಲ್ಲುವವನು ನಿಜದಲ್ಲಿ ಎರಡು ಮುಖದವನು; ಅವನ ಸಿಟ್ಟನ್ನು ಸಹಜ ಸ್ವಭಾವ ಎಂದು ಕರೆಯುವುದು ತಪ್ಪು. ತನ್ನ ಮೇಲಿನವರ ಎದುರಿಗೂ ಕೆಳಗಿನವರ ಎದುರಿಗೂ ಒಬ್ಬನೇ ಮನುಷ್ಯನಾಗಿರುವುದನ್ನು ನಾನು ನಾಯಕರಿಂದ ಕೇಳುತ್ತಿದ್ದೇನೆ.

ವಿರೋಧ: ಅಧಿಕಾರದ ಕುರ್ಚಿ ಕೇಳುವುದು ಸಂಯಮವನ್ನು

ಸರ್ಕಾರಿ ಕಚೇರಿಯಲ್ಲಿ ಓಡಾಡಿದವರಿಗೆಲ್ಲ ಈ ದೃಶ್ಯ ಪರಿಚಿತ. ಸಾಹೇಬರ ಸಹಿಗೆ ಫೈಲು ಹಿಡಿದು ಬಂದ ಗುಮಾಸ್ತರು ಚೇಂಬರಿನ ಅರೆಬಾಗಿಲು ತಳ್ಳುವ ಮೊದಲು ಹೊರಗೆ ಸ್ಟೂಲಿನ ಮೇಲೆ ಕೂತ ಅಟೆಂಡರ್ ಕಡೆ ನೋಡಿ ಹುಬ್ಬು ಹಾರಿಸುತ್ತಾರೆ. ಅಟೆಂಡರ್ ಅಂಗೈಯನ್ನು ಅಡ್ಡಡ್ಡ ಆಡಿಸಿದರೆ ಇವತ್ತು ಬೇಡ ಎಂದರ್ಥ. ಫೈಲು ಮರಳಿ ಮೇಜಿಗೆ ಹೋಗುತ್ತದೆ. ಅದರೊಳಗೆ ಯಾರದೋ ಪಿಂಚಣಿ, ಯಾರದೋ ಅನುಕಂಪದ ನೇಮಕಾತಿ, ಯಾರದೋ ಜಮೀನಿನ ಪೋಡಿ ಇರುತ್ತದೆ. ಸಾಹೇಬರು ಅಂದು ತಮ್ಮ ಸ್ವಭಾವಕ್ಕೆ, ತಮ್ಮ ಮನಸ್ಥಿತಿಗೆ ಪೂರ್ತಿ ನಿಷ್ಠರಾಗಿದ್ದಾರೆ. ಅದರ ಫಲವಾಗಿ ಹಳ್ಳಿಯಿಂದ ಬಸ್ ಹಿಡಿದು ಬಂದ ಒಬ್ಬ ವಿಧವೆ ಸೋಮವಾರ ಮತ್ತೆ ಬರಬೇಕಾಗಿದೆ.

‘ನನ್ನದು ಬಾಯಿ ಜೋರು ಅಷ್ಟೆ, ಮನಸ್ಸು ಬೆಣ್ಣೆ’ ಎಂದು ಹೇಳಿಕೊಳ್ಳುವ ಮೇಲಧಿಕಾರಿಗಳನ್ನು ಕಾಣದ ನೌಕರರು ನಮ್ಮಲ್ಲಿ ಇರಲಾರರು. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಕೂಗಾಡಿದ ಅರ್ಧ ಗಂಟೆಗೆ ಕರೆದು ಕಾಫಿ ಕುಡಿಸುವವರೂ ಅವರೇ. ಆದರೆ ಬೈಸಿಕೊಂಡವನು ರಾತ್ರಿ ಮನೆಯಲ್ಲಿ ಅನ್ನದ ತಟ್ಟೆಯ ಮುಂದೆ ಕೂತಾಗ ನೆನಪಾಗುವುದು ಆ ಕೂಗು. ಅಧಿಕಾರ ಇರುವವರ ಮಾತಿಗೆ ಇಲ್ಲದವರ ಮಾತಿಗಿಂತ ಹಲವು ಪಟ್ಟು ತೂಕ. ಸಮಾನರ ನಡುವೆ ಬರೀ ಸಿಡುಕು ಎನಿಸಿಕೊಳ್ಳುವುದು, ವಾರ್ಷಿಕ ಗೌಪ್ಯ ವರದಿ ಬರೆಯುವವರ ಬಾಯಿಂದ ಬಂದಾಗ ಬೆದರಿಕೆಯಾಗುತ್ತದೆ. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ‘ನೀವು ನೀವಾಗಿರಿ’ ಉಪದೇಶವೂ ಕೊನೆಗೆ ಬಲವಿದ್ದವರಿಗೆ ಕೊಟ್ಟ ಪರವಾನಗಿಯಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಊಬರ್ ಕಂಪನಿಯ ಮೊದಲ ವರ್ಷಗಳ ಕಥೆ ಇದಕ್ಕೆ ಸಾಕ್ಷಿ. ಸಹಸಂಸ್ಥಾಪಕ ಟ್ರಾವಿಸ್ ಕಲಾನಿಕ್ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಆ ಕಂಪನಿ 14 ಮೌಲ್ಯಗಳನ್ನು ಪಟ್ಟಿ ಮಾಡಿಕೊಂಡಿತ್ತು. ನೀವು ನೀವಾಗಿಯೇ ಇರಿ ಎಂಬುದು ಅವುಗಳಲ್ಲಿ ಒಂದು, ಇತರರ ಕಾಲು ತುಳಿಯಲು ಹಿಂಜರಿಯಬೇಡಿ ಎಂಬರ್ಥದ್ದು ಇನ್ನೊಂದು. ಎರಡೂ ಒಂದೇ ಪಟ್ಟಿಯಲ್ಲಿ ಇದ್ದುದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. 2017ರ ಫೆಬ್ರುವರಿಯಲ್ಲಿ ಅಲ್ಲಿನ ಮಾಜಿ ಎಂಜಿನಿಯರ್ ಸೂಸನ್ ಫೌಲರ್ ಲೈಂಗಿಕ ಕಿರುಕುಳದ ದೂರುಗಳನ್ನು ಕಂಪನಿ ಹೇಗೆ ತಳ್ಳಿಹಾಕಿತು ಎಂಬುದನ್ನು ಬಯಲಿಗಿಟ್ಟರು. ಅದೇ ತಿಂಗಳ ಕೊನೆಗೆ, ಬಾಡಿಗೆ ದರ ಇಳಿದು ತಾನು ದಿವಾಳಿಯಾದೆ ಎಂದು ಅಲವತ್ತುಕೊಂಡ ಒಬ್ಬ ಚಾಲಕನ ಮೇಲೆ ಕಲಾನಿಕ್ ಕಾರಿನಲ್ಲೇ ರೇಗಾಡಿದ ವಿಡಿಯೊ ಹೊರಬಂತು. ಆ ವಿಡಿಯೊದಲ್ಲಿ ಕಂಡ ಮನುಷ್ಯ ನಟಿಸುತ್ತಿರಲಿಲ್ಲ, ಅದೇ ಅವನ ನಿಜಸ್ವರೂಪವಾಗಿತ್ತು. ನಾಯಕನಾಗಿ ನಾನು ಮೂಲಭೂತವಾಗಿ ಬದಲಾಗಬೇಕು, ಬೆಳೆಯಬೇಕು ಎಂದು ಅವರೇ ಒಪ್ಪಿಕೊಳ್ಳಬೇಕಾಯಿತು. ಜೂನ್‌ನಲ್ಲಿ ಹೂಡಿಕೆದಾರರ ಒತ್ತಡಕ್ಕೆ ಮಣಿದು ಹುದ್ದೆ ಬಿಟ್ಟರು. ವರ್ಷ ಮುಗಿಯುವುದರೊಳಗೆ ಹೊಸ ಮುಖ್ಯಸ್ಥರು ಆ 14 ಮೌಲ್ಯಗಳ ಪಟ್ಟಿಯನ್ನೇ ಕೈಬಿಟ್ಟರು.

ನಮ್ಮ ಸಂವಿಧಾನ ಬರೆದವರಿಗೆ ಈ ವಿಷಯ ಚೆನ್ನಾಗಿ ಗೊತ್ತಿತ್ತು. ಮಂತ್ರಿಗಳೂ ನ್ಯಾಯಾಧೀಶರೂ ಅಧಿಕಾರ ವಹಿಸಿಕೊಳ್ಳುವಾಗ ಓದುವ ಪ್ರಮಾಣವಚನವನ್ನು ಮೂರನೆಯ ಅನುಸೂಚಿಯಲ್ಲಿ ಕೊಡಲಾಗಿದೆ. ಭಯ ಅಥವಾ ಪಕ್ಷಪಾತವಿಲ್ಲದೆ, ರಾಗ ಅಥವಾ ದ್ವೇಷವಿಲ್ಲದೆ ನಡೆದುಕೊಳ್ಳುತ್ತೇನೆ ಎಂದು ರಾಜಭವನದ ಗಾಜಿನ ಮನೆಯಲ್ಲಿ ಹೊಸ ಮಂತ್ರಿಗಳು ಒಬ್ಬರ ನಂತರ ಒಬ್ಬರು ಓದುವುದನ್ನು ನಾವೆಲ್ಲ ಟಿ.ವಿ.ಯಲ್ಲಿ ಕೇಳಿದ್ದೇವೆ. ಭಯ, ಪಕ್ಷಪಾತ, ರಾಗ, ದ್ವೇಷ ಈ ನಾಲ್ಕನ್ನೂ ತೆಗೆದಿಟ್ಟರೆ ಮನುಷ್ಯನ ಸ್ವಭಾವದಲ್ಲಿ ಉಳಿಯುವುದೇ ಅಲ್ಪಸ್ವಲ್ಪ. ಅಧಿಕಾರದ ಕುರ್ಚಿಯಲ್ಲಿ ಕೂರುವಷ್ಟು ಹೊತ್ತು ಅವನ್ನು ಹೊರಗಿಟ್ಟು ಬಾ ಎಂದು ರಾಷ್ಟ್ರ ತನ್ನ ಅತಿ ದೊಡ್ಡ ಹುದ್ದೆಗಳಿಗೆ ಹೇಳುತ್ತಿರುವಾಗ, ಮೂವತ್ತು ಜನರ ತಂಡದ ಮ್ಯಾನೇಜರಿಗೆ ಎಲ್ಲವನ್ನೂ ಒಳಗೆ ತನ್ನಿ ಎಂದು ಹೇಳುವುದು ಯಾವ ನ್ಯಾಯ? ದಿವಾನರಾಗುವ ಮೊದಲು ವಿಶ್ವೇಶ್ವರಯ್ಯನವರು ಬಂಧುಗಳನ್ನು ಕೂರಿಸಿಕೊಂಡು, ತಮ್ಮಿಂದ ಯಾರೂ ಶಿಫಾರಸು ಕೇಳಕೂಡದು ಎಂದು ಮಾತು ತೆಗೆದುಕೊಂಡರೆಂಬ ಕಥೆಯನ್ನು ಮೈಸೂರು ಸೀಮೆ ಇಂದಿಗೂ ಹೇಳುತ್ತದೆ. ಬಂಧುಪ್ರೀತಿ ಸಹಜವಾದದ್ದು, ಅದನ್ನು ಅಂದು ಅವರು ಬಾಗಿಲಾಚೆ ಇರಿಸಿದರು ಎಂಬ ಕಾರಣಕ್ಕೇ ಜನ ಅದನ್ನು ನೆನೆಯುತ್ತಾರೆ.

ಪರವಾದದಲ್ಲಿ ಸತ್ಯಂ ಹಗರಣದ ಪ್ರಸ್ತಾಪ ಬಂದಿದೆ. ಅಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ ಎಂದು ನನಗೆ ತೋರುತ್ತದೆ. ಲೆಕ್ಕಪತ್ರದಲ್ಲಿ ಸುಳ್ಳು ಬರೆಯಬಾರದು ಎಂಬುದು ಪ್ರಾಮಾಣಿಕತೆಯ ಮಾತು. ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ಮುಖದಲ್ಲಿ ತೋರಿಸಬೇಕು ಎಂಬುದು ಬೇರೆಯೇ ಮಾತು, ಮತ್ತು ಮೊದಲನೆಯದಕ್ಕೆ ಎರಡನೆಯದು ಬೇಕಾಗಿಯೇ ಇಲ್ಲ. ರಾಮಲಿಂಗ ರಾಜು ಬಿಗಿಮುಖದ, ಯಾರಿಗೂ ಏನನ್ನೂ ಹೇಳಿಕೊಳ್ಳದ ಮನುಷ್ಯರಾಗಿದ್ದೂ ಲೆಕ್ಕವನ್ನು ಸರಿಯಾಗಿ ಇಟ್ಟಿದ್ದರೆ 50 ಸಾವಿರ ಕುಟುಂಬಗಳಿಗೆ ಯಾವ ತೊಂದರೆಯೂ ಆಗುತ್ತಿರಲಿಲ್ಲ. ಹಾಗೆಯೇ ಒಣಸಿಗಡಿ ಚಟ್ನಿಯ ಡಬ್ಬಿಯನ್ನು ಗೋಡೆಗೆ ಮುಖ ಮಾಡಿ ತೆರೆಯುತ್ತಿದ್ದ ಆ ಹೆಣ್ಣುಮಗಳ ವಿಷಯ. ಅವರ ನೋವು ನನಗೂ ತಟ್ಟುತ್ತದೆ. ಅವರಿಗೆ ಬೇಕಾಗಿದ್ದುದು ಆ ಚೀಟಿಯನ್ನು ಕಿತ್ತು ಹಾಕುವ ಒಂದು ಆಡಳಿತಾತ್ಮಕ ನಿರ್ಧಾರ. ಆ ನಿರ್ಧಾರ ತೆಗೆದುಕೊಳ್ಳಬೇಕಾದ ಅಧಿಕಾರಿಗೆ ಒಣಮೀನಿನ ವಾಸನೆ ಕಂಡರೆ ಆಗದಿರಬಹುದು; ಅಂಥವರು ತಮ್ಮ ಅಸಹ್ಯವನ್ನು ನುಂಗಿಕೊಂಡು, ಮುಖದಲ್ಲಿ ತೋರಗೊಡದೆ, ಎಲ್ಲರ ಡಬ್ಬಿಗೂ ಸಮಾನ ಜಾಗ ಮಾಡಿಕೊಡಬೇಕು. ಅಂದರೆ ಕೆಳಗಿನವರು ನಿರ್ಭಯವಾಗಿ ತಾವಾಗಿ ಇರಬೇಕಾದರೆ ಮೇಲಿನವರು ತಮ್ಮನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಳ್ಳಲೇಬೇಕು. ಜಾತಿಯ ವಿಷಯದಲ್ಲಂತೂ ಇದು ಇನ್ನೂ ನಿಜ: ಹುಟ್ಟಿದಂದಿನಿಂದ ಮೈಗೂಡಿದ ಪೂರ್ವಗ್ರಹವೂ ಒಬ್ಬ ಮನುಷ್ಯನ ‘ನಿಜವಾದ ತಾನು’ವಿನ ಭಾಗವೇ ಆಗಿರುತ್ತದೆ.

ಇನ್ನು ಕಲಿಕೆಯ ಪ್ರಶ್ನೆ. ನಾಯಕತ್ವದ ಬಗ್ಗೆ ಅಧ್ಯಯನ ಮಾಡಿರುವ ಹರ್ಮಿನಿಯಾ ಇಬಾರಾ 2015ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಒಬ್ಬ ಮಹಿಳಾ ಮ್ಯಾನೇಜರರ ಪ್ರಸಂಗವನ್ನು ವಿವರಿಸುತ್ತಾರೆ. ಬಡ್ತಿ ಸಿಕ್ಕಿ, ಕೈಕೆಳಗಿನ ಜನರ ಸಂಖ್ಯೆ ಹತ್ತು ಪಟ್ಟು ಹೆಚ್ಚಿದಾಗ ಆಕೆ ಹೊಸ ತಂಡದ ಮುಂದೆ ಮನಬಿಚ್ಚಿ, ಈ ಕೆಲಸ ಮಾಡುವ ಆಸೆ ನನಗಿದೆ, ಆದರೆ ಭಯವಾಗುತ್ತಿದೆ, ನಿಮ್ಮ ಸಹಾಯ ಬೇಕು ಎಂದರು. ಧೈರ್ಯವಾಗಿ ಮುನ್ನಡೆಸುವವರನ್ನು ಎದುರು ನೋಡುತ್ತಿದ್ದ ತಂಡದ ವಿಶ್ವಾಸವನ್ನು ಆಕೆ ಆ ಕ್ಷಣದಲ್ಲೇ ಕಳೆದುಕೊಂಡರು. ಹೊಸ ಹೊಣೆ ಹೊತ್ತವರಿಗೆ ಆ ಹೊಣೆಗೆ ತಕ್ಕ ‘ತಾನು’ ಇನ್ನೂ ತಯಾರಾಗಿಯೇ ಇರುವುದಿಲ್ಲ. ಮೊದಲ ಸಲ ಮುಖ್ಯೋಪಾಧ್ಯಾಯಿನಿಯಾದವರು, ಮೊದಲ ಸಲ ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯಾಗಿ ಸಭೆ ನಡೆಸುವವರು ಕೆಲವು ತಿಂಗಳು ಆ ಪಾತ್ರವನ್ನು ನಟಿಸಿಯೇ ಕಲಿಯಬೇಕಾಗುತ್ತದೆ. ‘ನಾನು ಮಾತನಾಡುವವಳಲ್ಲ, ನನ್ನ ಸ್ವಭಾವವೇ ಹಾಗೆ’ ಎಂದು ಹಿಂದೆ ಕೂತುಬಿಟ್ಟರೆ ಗಂಡ ಬಂದು ಆ ಕುರ್ಚಿಯಲ್ಲಿ ಕೂರುತ್ತಾನೆ. ನಮ್ಮ ಹಳ್ಳಿಗಳಲ್ಲಿ ಇದು ನಡೆಯುತ್ತಲೇ ಬಂದಿದೆ. ಅಂಥ ಹೆಣ್ಣುಮಗಳಿಗೆ ಆರಂಭದ ದಿನಗಳ ನಟನೆ ದೊಡ್ಡ ಆಸರೆ.

ಕುಂಬ್ಳೆಯವರ ಬಗ್ಗೆ ನನಗಿರುವ ಗೌರವ ಪರವಾದ ಬರೆದವರಿಗಿಂತ ಕಡಿಮೆಯದೇನಲ್ಲ. ಆದರೆ ಅದೇ ಬೆಂಗಳೂರಿನ, ಅದೇ ತಲೆಮಾರಿನ ರಾಹುಲ್ ದ್ರಾವಿಡ್ ಕೂಡ ಅದೇ ಹುದ್ದೆಯಲ್ಲಿ ಕೂತರು. ದ್ರಾವಿಡ್ ಹುಟ್ಟಾ ಶಾಂತಸ್ವಭಾವದವರು ಎಂದು ಜನ ತಿಳಿದಿದ್ದಾರೆ. 2014ರ ಮೇ ತಿಂಗಳಲ್ಲಿ ವಾಂಖೆಡೆ ಮೈದಾನದಲ್ಲಿ, ಐಪಿಎಲ್ ಪಂದ್ಯವೊಂದರಲ್ಲಿ ಮುಂಬೈ 190 ರನ್‌ಗಳ ಗುರಿಯನ್ನು 15 ಓವರ್ ತುಂಬುವುದರೊಳಗೆ ತಲುಪಿ ರಾಜಸ್ಥಾನ ತಂಡವನ್ನು ಹೊರದಬ್ಬಿದ ರಾತ್ರಿ, ಆ ತಂಡದ ಮಾರ್ಗದರ್ಶಕರಾಗಿದ್ದ ಅವರು ತಲೆಯ ಮೇಲಿನ ಟೋಪಿಯನ್ನು ಕಿತ್ತು ನೆಲಕ್ಕೆ ಅಪ್ಪಳಿಸಿದ್ದನ್ನು ಕ್ಯಾಮೆರಾ ಹಿಡಿಯಿತು. ಸಿಟ್ಟು ಅವರೊಳಗೆ ಇತ್ತು, ಇದೆ. ಅದನ್ನು ಹುಡುಗರ ಮೇಲೆ ಹರಿಯಬಿಡದೆ ಹಿಡಿದುಕೊಂಡದ್ದು ವರ್ಷಗಳ ಅಭ್ಯಾಸದ ಫಲ. 2021ರಲ್ಲಿ ಒಂದು ಜಾಹೀರಾತಿನಲ್ಲಿ ಅವರು ಟ್ರಾಫಿಕ್ ನಡುವೆ ‘ಇಂದಿರಾನಗರದ ಗೂಂಡಾ ನಾನು’ ಎಂದು ಕೂಗಾಡಿದಾಗ ಇಡೀ ದೇಶ ಬೆರಗಾಯಿತೆಂದರೆ ಆ ಸಂಯಮ ಎಷ್ಟು ಪಕ್ಕಾ ಆಗಿತ್ತು ಎಂಬುದು ತಿಳಿಯುತ್ತದೆ. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ಮೇಲೆ, ಕಪ್ಪು ಕೈಗೆ ಬಂದಾಗ, ಅವರು ಗಂಟಲು ಬಿರಿಯುವಂತೆ ಕೂಗಿದರು. ಅಷ್ಟು ಹೊತ್ತಿಗೆ ಕೋಚ್ ಆಗಿ ಅವರ ಕೆಲಸ ಮುಗಿದಿತ್ತು. ಟೋಪಿ ಎಸೆದವರು, ತಂಡದ ಕೋಣೆಯಲ್ಲಿ ತಣ್ಣಗೆ ಕೂತವರು, ಕಪ್ ಎತ್ತಿ ಕೂಗಿದವರು, ಈ ಮೂವರಲ್ಲಿ ಯಾರು ನಿಜವಾದ ದ್ರಾವಿಡ್ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಯಾವುದನ್ನು ಎಲ್ಲಿ ತೋರಿಸಬೇಕು ಎಂಬ ವಿವೇಚನೆಯೂ ಅವರದೇ ಸ್ವಂತದ್ದು.

ಕೊನೆಯದಾಗಿ, ‘ಪೂರ್ತಿ ನಿಮ್ಮನ್ನೇ ಕೆಲಸಕ್ಕೆ ತನ್ನಿ’ ಎಂಬ ಕರೆಯಲ್ಲಿ ನೌಕರರಿಗೇ ಒಂದು ಅಪಾಯ ಇದೆ. ಸಂಬಳ ಕೊಡುವವರು ಕೊಂಡದ್ದು ದಿನದ ಎಂಟೋ ಒಂಬತ್ತೋ ಗಂಟೆಗಳ ದುಡಿಮೆಯನ್ನು. ಹಿಂದೆ ನಗುಮುಖ ಬೇಕು ಎನ್ನುತ್ತಿದ್ದ ಕಂಪನಿ ಈಗ ಆ ನಗು ಮನಸ್ಸಿನಾಳದಿಂದ ಬರಬೇಕು ಎಂದರೆ ದುಡಿಮೆಯ ಹೊರೆ ಇಳಿಯಿತೆ, ಏರಿತೆ? ಶುಕ್ರವಾರ ಸಂಜೆ ತಂಡವನ್ನು ವೃತ್ತಾಕಾರದಲ್ಲಿ ಕೂರಿಸಿ, ಪ್ರತಿಯೊಬ್ಬರೂ ತಮ್ಮ ಬಾಲ್ಯದ ಒಂದು ಕಷ್ಟವನ್ನು ಹೇಳಿಕೊಳ್ಳಿ ಎಂದು ಕೇಳುವ ಕಾರ್ಯಕ್ರಮಗಳು ಈಗ ಸಾಮಾನ್ಯ. ಮ್ಯಾನೇಜರರು ತಮ್ಮ ತಂದೆಯ ಸಾವಿನ ಬಗ್ಗೆ ಹೇಳಿ ಕಣ್ಣೊರೆಸಿಕೊಂಡ ಮೇಲೆ ‘ನನಗೆ ಹೇಳಲು ಇಷ್ಟವಿಲ್ಲ’ ಎನ್ನುವುದು ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿಗೆ ಸಾಧ್ಯವೆ? ತನ್ನ ಜಾತಿ, ತನ್ನ ಕಾಯಿಲೆ, ತನ್ನ ಮದುವೆ ಮುರಿದದ್ದು, ತಾನು ಯಾರನ್ನು ಪ್ರೀತಿಸುತ್ತೇನೆ ಎಂಬುದು, ಇವನ್ನೆಲ್ಲ ಯಾರಿಗೆ, ಯಾವಾಗ ಹೇಳಬೇಕು ಎಂದು ತೀರ್ಮಾನಿಸುವ ಹಕ್ಕು ಅವಳೊಬ್ಬಳದು. ಇಂಥ ಕಾರ್ಯಕ್ರಮಗಳಲ್ಲಿ ಸುಮ್ಮನೆ ಕೂತವರ ವಾರ್ಷಿಕ ಮೌಲ್ಯಮಾಪನದಲ್ಲಿ ‘ತಂಡದೊಂದಿಗೆ ಬೆರೆಯುವುದಿಲ್ಲ’ ಎಂಬ ಷರಾ ಬೀಳುತ್ತಿರುವವರೆಗೆ, ಮೇಲಿನವರ ಮನಬಿಚ್ಚಿದ ಮಾತು ಕೆಳಗಿನವರಿಗೆ ಆಹ್ವಾನವಾಗಿ ಕೇಳಿಸಲಾರದು, ಆಜ್ಞೆಯಾಗಿಯೇ ಕೇಳಿಸುತ್ತದೆ.